ಬೇಗಂ ಬಜಾರಿನ ಕುಂಕುಮ

ನಾಂಪಲ್ಲಿ, ಹೈದರಾಬಾದ್
೧೨ ಜೂನ್ ೧೯೮೪

ಅತ್ತೆಯವರಿಗೆ ನಮಸ್ಕಾರಗಳು.

ನಿಮ್ಮ ಮಗ ತೀರಿಕೊಂಡಾಗಲೇ ನೀವು, "ಕುಂಕುಮ ಬಿಡಬ್ಯಾಡ ತಂಗಿ" ಅಂದಿದ್ದಿರಿ. ಆಗ ನನಗೇ ಮನಸ್ಸಾಗಲಿಲ್ಲ. ಹೋದ ವಾರ ಮನಸ್ಸಾಗಿ ಬೇಗಂ ಬಜಾರಿನಿಂದ ಒಂದು ಡಬ್ಬಿ ತಂದೆ.

ಮರುದಿನವೇ, ನಾನಿನ್ನೂ ಹಚ್ಚಿಕೊಳ್ಳುವ ಮೊದಲೇ, ಕಚೇರಿಯ ಹೊಸ ಸಾಹೇಬರು, ನಮ್ಮ ಬೀದರ ಕಡೆಯವರೇ, ಕರೆದು, "ಮಂದಿ ಬರೋ ಜಾಗಾ ಇದು. ಖಾಲಿ ಹಣಿ ಚಂದ ಕಾಣಂಗಿಲ್ಲರಿ. ಕುಂಕುಮ ಹಚ್ಚಿಕೊಂಡು ಬರ್ರಿ, ಇಲ್ಲಾಂದ್ರ ಒಳಗ ಕೂಡ್ರಿ" ಅಂದರು. ಅವರೂ ಹೆಂಡತಿಯನ್ನು ಕಳೆದುಕೊಂಡವರೇ. ಅವರ ಹಣೆಯನ್ನು ಯಾರೂ ನೋಡುವುದಿಲ್ಲ.

ಈಗ ಹಚ್ಚಿಕೊಂಡರೆ ಅವರ ಹುಕುಂ ನಡೆದಂತಾಗುತ್ತದೆ. ಅದಕ್ಕೇ ಖಾಲಿ ಹಣೆಯಲ್ಲೇ ಮುಂದಿನ ಕುರ್ಚಿಯಲ್ಲಿ ಕೂರುತ್ತಿದ್ದೇನೆ. ಡಬ್ಬಿಯನ್ನು ಈ ಪತ್ರದ ಜೊತೆ ಕಳಿಸಿದ್ದೇನೆ, ದೇವರ ಮುಂದೆ ಇಟ್ಟುಕೊಳ್ಳಿ. ಸಾಹೇಬರಿಗೆ ವರ್ಗವಾದ ಮೇಲೆ ಊರಿಗೆ ಬಂದು ನಿಮ್ಮ ಕೈಯಿಂದಲೇ ಹಚ್ಚಿಸಿಕೊಳ್ಳುತ್ತೇನೆ.

ನಿಮ್ಮ ಸೊಸೆ,
ಗೋದಾವರಿ