ಹೊಡೆದವರ ಹೆಸರು ರಿಪೋರ್ಟಿನಲ್ಲಿ ಇರುವುದಿಲ್ಲ

ಭಾನುವಾರ, ಮಧ್ಯಾಹ್ನ

ಫೋನ್ ಎತ್ತದ ನನ್ನ ಮಗಳಿಗೆ,

ಅಮ್ಮನ ಅಕ್ಕರೆಯ ನೆನಪುಗಳು. ಅಪ್ಪನ ವಿಷಯ ತೆಗೆದರೆ ಸಾಕು, ನೀನು ಫೋನ್ ಇಟ್ಟುಬಿಡುತ್ತೀಯ. ಕಾಗದವಾದರೆ ನಡುವೆ ಬಾಯಿ ಹಾಕಲು ಬರುವುದಿಲ್ಲ. ಪಾಪುವನ್ನು ಮಲಗಿಸಿ, ಪೂರ್ತಿ ಓದು.

ಬೇಕರಿಯವರು ಕೆಲಸಗಾರರಿಗೆಲ್ಲ ರಕ್ತಪರೀಕ್ಷೆ ಮಾಡಿಸಿದ್ದು, ಅಪ್ಪನ ಲಿವರಿನ ಅಂಕಿಗಳು ಇರಬೇಕಾದದ್ದರ ಮೂರು ಪಟ್ಟು ಬಂದದ್ದು ನಿನಗೆ ಗೊತ್ತು. ಆ ಹಾಳೆಯ ಫೋಟೊ ಕಳಿಸಿದವಳೇ ನಾನು. ನಿನ್ನಿಂದ ಬಂದದ್ದು ಒಂದೇ ಸಾಲು: ‘ಮತ್ತೆ ಶುರು ಮಾಡಿದಾರೆ. ಇನ್ಮೇಲೆ ಪಾಪುನ ಅವರ ಕೈಗೆ ಕೊಡಲ್ಲ.’ ತಪ್ಪು ಎನ್ನಲಾರೆ. ಅವರು ಕುಡಿದು ಬಂದು ಬಾಗಿಲು ಬಡಿಯುತ್ತಿದ್ದಾಗ ಮಂಚದ ಕೆಳಗೆ ಕಿವಿ ಮುಚ್ಚಿಕೊಂಡು ಕೂತವಳು ನೀನು. ಅವರು ಕುಡಿತ ಬಿಟ್ಟು ವರ್ಷಗಳಾದವು, ನಿಜ. ಆದರೆ ಹಾವು ತುಳಿದವಳಿಗೆ ಹಗ್ಗ ಕಂಡರೂ ಭಯ.

ನಾನೇನು ಸುಮ್ಮನಿದ್ದೆನೇ? ಅವರು ಕೆಲಸದಿಂದ ಬಂದು ಕಳಚಿಟ್ಟ ಅಂಗಿಯನ್ನು ಮೂಸಿದೆ. ಹುದುಗು ಹಿಟ್ಟಿನ ಹುಳಿ, ಸುಟ್ಟ ಸಕ್ಕರೆ, ಬೆವರು, ಅಷ್ಟೇ. ಮಂಚದಡಿ ನೋಡಿದೆ, ಬೀರುವಿನ ಹಿಂದೆ ಕೈ ಹಾಕಿದೆ. ಕೊನೆಗೆ ಏಣಿ ಇಟ್ಟು ಅಟ್ಟ ಹತ್ತಿದೆ. ತಿರುಗಿ ನೋಡಿದರೆ ಅವರು ಬಾಗಿಲಲ್ಲಿ ನಿಂತಿದ್ದಾರೆ. ಏನು ಹುಡುಕುತ್ತಿದ್ದೇನೆಂದು ಅವರಿಗೆ ಗೊತ್ತು. ಈಗ ಮನೆ ಹಾರಿಹೋಗುವ ಹಾಗೆ ಕೂಗಾಡುತ್ತಾರೆ ಎಂದುಕೊಂಡೆ. ‘ಏಣಿ ಅಲ್ಲಾಡ್ತಿದೆ, ಹಿಡ್ಕೊಳ್ಲಾ?’ ಎಂದರು. ನಾನು ಇಳಿಯುವವರೆಗೂ ಹಿಡಿದುಕೊಂಡೇ ಇದ್ದರು.

ಮಾರನೆಯ ದಿನ ಡಾಕ್ಟರಮ್ಮನ ಬಳಿ ಹೋದೆವು. ನಿನ್ನಷ್ಟೇ ವಯಸ್ಸಿರಬೇಕು. ಅಪ್ಪ ಕುರ್ಚಿಯ ತುದಿಯಲ್ಲಿ ಕೂತು, ಆಕೆ ಕೇಳುವ ಮೊದಲೇ, ‘ಕುಡಿಯೋದು ಬಿಟ್ಟಿದೀನಿ ಮೇಡಂ. ಮನೇಲಿ ಯಾರೂ ನಂಬ್ತಿಲ್ಲ, ನೀವೂ ನಂಬಬೇಕು ಅಂತೇನಿಲ್ಲ’ ಎಂದುಬಿಟ್ಟರು. ನನಗೆ ನೆಲ ಬಾಯಿ ಬಿಡಬಾರದೇ ಎನಿಸಿತು.

ಆಕೆ ಪೆನ್ನು ಕೆಳಗಿಟ್ಟು ನಿಧಾನವಾಗಿ ಹೇಳಿದರು. ಆ ಅಂಕಿಗಳು ಕಿಣ್ವಗಳ, ಅಂದರೆ ಎನ್‌ಜೈಮುಗಳ ಲೆಕ್ಕವಂತೆ, ಅವು ಲಿವರಿನ ಜೀವಕೋಶಗಳ ಒಳಗೆ ಇರಬೇಕಾದವಂತೆ. ಕೋಶಕ್ಕೆ ಪೆಟ್ಟಾದಾಗ ರಕ್ತಕ್ಕೆ ಸೋರುತ್ತವಂತೆ. ‘ಪೆಟ್ಟು ಬಿದ್ದಿದೆ ಅಂತ ಮಾತ್ರ ಈ ರಿಪೋರ್ಟ್ ಹೇಳುತ್ತೆ. ಹೊಡೆದೋರು ಯಾರು ಅಂತ ಹೇಳಲ್ಲ. ಹೆಂಡ ಇರಬಹುದು, ಕೊಬ್ಬು ಇರಬಹುದು, ಕಾಮಾಲೆ ವೈರಸ್ ಇರಬಹುದು, ಔಷಧೀನೂ ಇರಬಹುದು. ನಾವು ಹುಡುಕೋಣ’ ಎಂದರು. ಮತ್ತೆ ರಕ್ತ ತೆಗೆಸಿದರು, ಹೊಟ್ಟೆಯ ಸ್ಕ್ಯಾನಿಂಗಿಗೆ ಬರೆದುಕೊಟ್ಟರು. ಮುಂದಿನ ಸಲ ಬರುವಾಗ ಅಪ್ಪ ನುಂಗುವ ಮಾತ್ರೆಗಳನ್ನೆಲ್ಲ ತನ್ನಿ ಎಂದರು.

ಯಾವ ಮಾತ್ರೆ ಎಂದು ನಾನು ಪೆಚ್ಚಾದೆ. ಮುಂದಿನ ಸಲ ಅಪ್ಪ ಬೇಕರಿಯಲ್ಲಿದ್ದ ತಮ್ಮ ಬೀರುವಿನಿಂದ ತಂದ ಚೀಲವನ್ನು ಮೇಜಿನ ಮೇಲೆ ಸುರಿದರು. ಭುಜದ ನೋವಿಗೆ ಒಂದು, ಶೀತಕ್ಕೆ ಒಂದು, ಮೈಕೈ ನೋವಿಗೆ ಇನ್ನೊಂದು, ಎಲ್ಲ ಅವರೇ ಔಷಧಿ ಅಂಗಡಿಯಲ್ಲಿ ಕೇಳಿ ತಂದದ್ದು. ಡಾಕ್ಟರಮ್ಮ ಒಂದೊಂದನ್ನೇ ತಿರುಗಿಸಿ ಓದಿದರು. ಹೊರಗಿನ ಹೆಸರು ಬೇರೆ ಬೇರೆ, ಒಳಗಿನ ಔಷಧಿ ಒಂದೇ! ಎಲ್ಲವನ್ನೂ ದಿನವೂ ನುಂಗುತ್ತಿದ್ದರಂತೆ, ಪುಣ್ಯಾತ್ಮ. ಆ ಔಷಧಿ ಮಿತಿ ಮೀರಿದರೆ ಲಿವರಿಗೇ ಪೆಟ್ಟಂತೆ. ನನಗೇಕೆ ಹೇಳಲಿಲ್ಲ ಎಂದು ಅಲ್ಲಿಯೇ ರೇಗಿದೆ. ‘ಕೈ ಮೇಲೇಳಲ್ಲ ಅಂತ ಗೊತ್ತಾದ್ರೆ ನನ್ನನ್ನ ಒಲೆ ಮುಂದಿಂದ ತೆಗೆದುಬಿಡ್ತಾರೆ ಕಣೇ’ ಎಂದರು. ಒಲೆಯ ಮುಂದೆ ನಿಂತಾಗ ಮಾತ್ರ ಅವರಿಗೆ ಕುಡಿತದ ನೆನಪು ಬರುವುದಿಲ್ಲವಂತೆ. ಇಷ್ಟು ವರ್ಷ ಜೊತೆಗಿದ್ದೂ ನನಗದು ಗೊತ್ತಿರಲಿಲ್ಲ.

ವೈರಸ್ ಇರಲಿಲ್ಲ. ಸ್ಕ್ಯಾನಿಂಗಿನಲ್ಲಿ ಸ್ವಲ್ಪ ಕೊಬ್ಬು ಕಂಡಿತು. ಆ ಮಾತ್ರೆಗಳನ್ನೆಲ್ಲ ನಿಲ್ಲಿಸಿ, ಭುಜಕ್ಕೆ ವ್ಯಾಯಾಮ ಹೇಳಿಕೊಟ್ಟರು. ಕೆಲವು ವಾರ ಬಿಟ್ಟು ಮತ್ತೆ ಪರೀಕ್ಷೆ ಮಾಡಿದಾಗ ಅಂಕಿಗಳು ಇರಬೇಕಾದ ಗೆರೆಯ ಹತ್ತಿರಕ್ಕೆ ಇಳಿದಿದ್ದವು. ಡಾಕ್ಟರಮ್ಮ ಬೆನ್ನು ತಟ್ಟಿ ಕಳಿಸಲಿಲ್ಲ. ಹಳೆಯ ಕುಡಿತವನ್ನು ಲಿವರ್ ಮರೆತಿರುವುದಿಲ್ಲ, ಇನ್ನು ಒಂದು ತೊಟ್ಟೂ ಕೂಡದು ಎಂದು ಗದರಿದರು. ಅಪ್ಪ ಶಾಲೆಯ ಹುಡುಗನ ಹಾಗೆ ತಲೆಯಾಡಿಸಿದರು.

ಹೊರಗೆ ಬಂದ ಮೇಲೆ, ಮಗಳಿಗೆ ಈ ರಿಪೋರ್ಟನ್ನೂ ಕಳಿಸಲೇ ಎಂದು ಕೇಳಿದೆ. ಅವರು ರಿಪೋರ್ಟನ್ನು ಮಡಚಿ ಅಂಗಿಯ ಜೇಬಿಗೆ ಹಾಕಿಕೊಂಡರು. ‘ಬೇಡ. ಅವಳು ಹೆದರಿದ್ದು ಸುಳ್ಳಲ್ಲವಲ್ಲ. ಕಾಗದ ತೋರಿಸಿ ಮಗಳನ್ನ ಗೆಲ್ಲೋಕಾಗುತ್ತಾ?’ ಎಂದರು.

ಅದಕ್ಕೇ ರಿಪೋರ್ಟ್ ಇಡುತ್ತಿಲ್ಲ. ಹಳೆಯದನ್ನೆಲ್ಲ ಕ್ಷಮಿಸು ಎಂದೂ ನಾನು ಕೇಳುವುದಿಲ್ಲ, ಅದು ನಿನ್ನದು. ಈ ಒಂದು ಸಲ ಅವರು ಸುಳ್ಳು ಹೇಳಲಿಲ್ಲ, ಅಷ್ಟು ನಿನಗೆ ಗೊತ್ತಿರಲಿ. ಪಾಪುವಿಗೆ ಮುತ್ತು. ಅಳಿಯಂದಿರಿಗೆ ಕೇಳಿದೆನೆಂದು ಹೇಳು.

ನಿಮ್ಮಿಬ್ಬರ ನಡುವೆ ಸಿಕ್ಕಿಕೊಂಡಿರುವ,
ನಿನ್ನ ಅಮ್ಮ

ತಾ.ಕ.: ಅಪ್ಪನನ್ನು ಕೊನೆಯ ಸಲ ಕರೆದೊಯ್ದಾಗ ಡಾಕ್ಟರಮ್ಮ ನನ್ನ ಮುಖದ ಆಯಾಸ ಕಂಡು ನನ್ನ ರಕ್ತವನ್ನೂ ತೆಗೆಸಿದ್ದರು. ನನ್ನ ಅಂಕಿಗಳು ಅವರದ್ದಕ್ಕಿಂತ ಹೆಚ್ಚು ಬಂದಿವೆ. ಜನ್ಮದಲ್ಲಿ ಒಂದು ತೊಟ್ಟು ಮುಟ್ಟಿದವಳಲ್ಲ ನಾನು, ಮಾತ್ರೆಯೆಂದರೆ ಮೊದಲೇ ಆಗದು. ಕಾರಣ ಇನ್ನೂ ತಿಳಿದಿಲ್ಲ. ಬುಧವಾರ ಸ್ಕ್ಯಾನಿಂಗ್ ಇದೆ. ಅಪ್ಪ ರಜೆ ಹಾಕಿ, ‘ನಾನಿದೀನಲ್ಲ’ ಎನ್ನುತ್ತಿದ್ದಾರೆ. ಇದ್ದಾರೆ, ನಿಜ. ಆದರೂ ಮಗಳೇ, ನನಗೆ ನೀನೂ ಬೇಕು.