ಹುಟ್ಟು ಹಾಕಿದವಳ ತಪ್ಪು

ಅಪ್ಪ,

ಇವತ್ತು ಬೆಳಿಗ್ಗೆ ಸೈಮಾ ಸರೋವರದಲ್ಲಿ ಮೊದಲ ಸಲ ನಿನ್ನ ಜಾಗದಲ್ಲಿ ಕೂತೆ. ದೋಣಿಯ ಹಿಂಬದಿಯಲ್ಲಿ, ನಿನ್ನದೇ ಗಾಳದ ಕೋಲು ಹಿಡಿದು. ನೀನು ಸಾಯುವವರೆಗೂ ಆ ಜಾಗ ನನಗೆ ಸಿಗಲಿಲ್ಲ. ಚಿಕ್ಕಂದಿನಿಂದ ಹುಟ್ಟು ಹಾಕಿದ್ದೇ ಬಂತು. ನಮ್ಮ ದೋಣಿಯಲ್ಲಿ ಮೀನು ಸಿಕ್ಕರೆ ಅದು ಗಾಳ ಹಿಡಿದವನದು, ತಪ್ಪಿಸಿಕೊಂಡರೆ ಹುಟ್ಟು ಹಾಕಿದವಳ ತಪ್ಪು. ದೋಣಿಮನೆಯ ಗೋಡೆಗೆ ನೀನು ಮೊಳೆ ಹೊಡೆದ ಪೈಕ್ ಮೀನಿನ ತಲೆಗಳ ಕೆಳಗೆಲ್ಲ ನಿನ್ನ ಹೆಸರೇ ಇದೆ.

ಇವತ್ತು ಪಕ್ಕದ ಮನೆಯ ಇರ್ಯಾ ಹುಟ್ಟು ಹಾಕುತ್ತಿದ್ದಳು. ಜೊಂಡಿನ ಅಂಚಿನಲ್ಲಿ ದೊಡ್ಡ ಪೈಕ್ ಕಚ್ಚಿತು. ಎಳೆದು ಎಳೆದು ಹತ್ತಿರಕ್ಕೆ ತಂದಿದ್ದೆ, ಅದರ ಹಳದಿ ಕಣ್ಣು ಕಾಣುತ್ತಿತ್ತು. ಅಷ್ಟರಲ್ಲಿ ಕುಯ್ಕಾ ಎಂಬ ನೀರುಹಕ್ಕಿಯೊಂದು ಮರಿಯ ಜೊತೆ ಎದುರಿಗೇ ಈಜಿ ಬಂತು. ಅದಕ್ಕೆ ದಾರಿ ಬಿಡಲು ಇರ್ಯಾ ದೋಣಿ ನಿಲ್ಲಿಸಿದಳು. ದಾರ ಸಡಿಲವಾಯಿತು, ಮೀನು ಹೋಯಿತು.

"ಕಣ್ಣು ಎಲ್ಲಿಟ್ಕೊಂಡಿದ್ದೀಯೇ ಕತ್ತೆ? ನಿನ್ನ ಕರ್ಕೊಂಡು ಬಂದಿದ್ದೇ ತಪ್ಪು!"

ಕೂಗಿದ್ದು ನಾನು. ಮಾತೂ ನಿನ್ನದೇ, ಧಾಟಿಯೂ ನಿನ್ನದೇ.

ಇರ್ಯಾ ಹುಟ್ಟುಗಳನ್ನು ಒಳಗೆಳೆದು ಕೈಕಟ್ಟಿ ಕೂತಳು. "ನಿಮ್ಮಪ್ಪ ಸತ್ತ ಅಂದ್ಕೊಂಡಿದ್ನಲ್ಲೇ ಹೆಲ್ವಿ" ಅಂದಳು.

ನಾನು ಎದ್ದು ಅವಳಿಗೆ ನಿನ್ನ ಜಾಗ ಬಿಟ್ಟುಕೊಟ್ಟೆ. ದಡದವರೆಗೂ ನಾನೇ ಹುಟ್ಟು ಹಾಕಿದೆ. ಒಮ್ಮೆ ಹುಟ್ಟು ಜಾರಿ ಅವಳ ಮುಖಕ್ಕೆಲ್ಲ ನೀರು ಎರಚಿತು. ಅವಳು ತೋಳಿನಿಂದ ಮುಖ ಒರೆಸಿಕೊಂಡಳು, ಅಷ್ಟೇ.

ಬೈಯದೆ ಇರುವುದು ಅಷ್ಟು ಸುಲಭವಿತ್ತು, ಅಪ್ಪ.