ಕೇಳದೆ ಕೊಟ್ಟ ರೆಕ್ಕೆ

ಭಾನುವಾರ, ಮಾರ್ಚ್ ೯

ನನ್ನ ಕಥೆಗಳ ತಪ್ಪು ಹಿಡಿಯುವ ಪ್ರೀತಿಯ ಪೊಲೀಸಮ್ಮನಿಗೆ,

ನಾವಿಬ್ಬರೂ ಚೆನ್ನಾಗಿದ್ದೇವೆ. ನಿನ್ನ ಪತ್ರ ಬಂದು ತಿಂಗಳಾಯಿತು. ಉತ್ತರ ಬರೆಯಲು ಕೂತಾಗಲೆಲ್ಲ ಏನಾದರೊಂದು ನೆಪ ಹುಡುಕಿ ಎದ್ದೆ. ಮೊನ್ನೆಯಂತೂ ಸರಿಯಾಗಿದ್ದ ನಲ್ಲಿಯನ್ನು ಬಿಚ್ಚಿ ಕೆಡಿಸಿದೆ. "ಮಗಳಿಗೆ ಹೆದರಿ ನಲ್ಲಿ ಜೊತೆ ಯಾಕ್ರೀ ಗುದ್ದಾಡ್ತೀರಾ?" ಎಂದಳು ನಿನ್ನಮ್ಮ. ಹೌದು, ಹೆದರಿದ್ದೇನೆ. ಹಾಸ್ಟೆಲಿಗೆ ಕಳಿಸಿದ ನನ್ನ ಹೊಸ ಮಕ್ಕಳ ಕಾದಂಬರಿಯನ್ನು ನೀನು ವಾಪಸ್ ಕಳಿಸಿದ ದಿನದಿಂದ ಯಾವ ಕೆಲಸಕ್ಕೂ ಕೈ ಹೋಗುತ್ತಿಲ್ಲ.

ಗ್ರಂಥಾಲಯದಲ್ಲಿ ಹಳೆಯ ಮುತ್ತಿಗೆಯೊಂದರ ಕಡತ ಓದಿ ನಾನು ಮನೆಗೆ ಓಡಿ ಬಂದ ಸಂಜೆ ನೆನಪಿದೆಯಾ? ಶತ್ರುಗಳು ಊರನ್ನು ಮುತ್ತಿದಾಗ ಕಾವಲುಗಾರನ ಮಗಳೊಬ್ಬಳು ಗೋಪುರದ ತುದಿಯಲ್ಲಿ ಬೆಂಕಿ ಹಚ್ಚಿ, ಹೊಳೆಯಾಚೆಯ ಸೈನ್ಯವನ್ನು ಕರೆದಿದ್ದಳು. ಅವಳ ಒಂದು ಕಾಲಿಗೆ ಬಲವಿರಲಿಲ್ಲ. ಪ್ರತಿ ಮೆಟ್ಟಿಲ ಮೇಲೂ ಕೂತು, ಕೈಯೂರಿ, ಹಿಮ್ಮುಖವಾಗಿ ಏರಿದಳೆಂದು ಸೈನಿಕನೊಬ್ಬ ಬರೆದಿಟ್ಟಿದ್ದ. ಕಾಲಿನ ಆಸರೆಯ ಕ್ಯಾಲಿಪರ್ ಬಿಚ್ಚುತ್ತಿದ್ದ ನೀನು ಅರ್ಧಕ್ಕೇ ಬಿಟ್ಟು, "ಅಪ್ಪಾ, ಇವ್ಳು ಹತ್ತಿದ್ದು ಥೇಟ್ ನನ್ ಥರಾನೇ! ಇವಳ ಕಥೆ ಬರಿ, ಎಲ್ರೂ ಓದ್ಲಿ" ಎಂದೆ.

ಬರೆದೆ. ಮಂತ್ರವಾದಿ ಬಂದ, ಮಾತಾಡುವ ಗೂಬೆ ಬಂತು. ಅದಕ್ಕೆಲ್ಲ ನಿನ್ನ ತಕರಾರಿರಲಿಲ್ಲ. ಮೊದಲ ಅಧ್ಯಾಯಗಳನ್ನು ಓದಿ ಗೂಬೆಯ ಜಂಬ ಇನ್ನಷ್ಟು ಹೆಚ್ಚಿಸಲು ಹೇಳಿದವಳೇ ನೀನು. ಆದರೆ ಗೋಪುರದ ಬುಡದಲ್ಲಿ ನಾನು ಅವಳ ಬೆನ್ನಿಗೆ ರೆಕ್ಕೆ ಹಚ್ಚಿ ಹಾರಿಸಿಬಿಟ್ಟೆ. ನೀನು ಬರೆದೆ: "ನಿಜವಾಗಿ ಇದ್ದವಳು ಅದೇ ಕಾಲಲ್ಲಿ ಹತ್ತಿದ್ದಳು. ನಿನ್ನ ಕಲ್ಪನೆಯಲ್ಲಿ ಮಾತ್ರ ಅವಳ ಕೈಲಾಗಲಿಲ್ಲ."

ಏನು ಹೇಳಲಿ? ಪ್ರಕಾಶನದ ಸಂಪಾದಕಿ ಪಟ್ಟು ಹಿಡಿದರು. "ಬರೀ ಇತಿಹಾಸ ಈ ವಯಸ್ಸಿನವರಿಗೆ ಭಾರ ಆಗತ್ತೆ ಸರ್, ಸ್ವಲ್ಪ ಹಾರಿಸಿ" ಎಂದರು. ನಾನು ಒಪ್ಪಬಾರದಿತ್ತು. ಈಗ ಓದಿದ ಮಕ್ಕಳು ಆ ರೆಕ್ಕೆಯ ಚಿತ್ರ ಬಿಡಿಸಿ ಕಳಿಸುತ್ತಿದ್ದಾರೆ, ನನಗೆ ಮುಖ ಎಲ್ಲಿಡಲಿ ಎನ್ನಿಸುತ್ತದೆ. ಮರುಮುದ್ರಣದಲ್ಲಿ ಆ ಅಧ್ಯಾಯ ಖಂಡಿತ ತಿದ್ದುತ್ತೇನೆ.

ಪರೀಕ್ಷೆ ಚೆನ್ನಾಗಿ ಬರಿ. ಓದಿನ ನೆಪದಲ್ಲಿ ಊಟ ಬಿಡಬೇಡ. ರಜೆಗೆ ಬಾ, ಬೈಯುವುದಕ್ಕಾದರೂ ಬಾ. ನೂರು ಕಾಲ ತಲೆಯೆತ್ತಿ ಬಾಳು, ಕಂದಾ.

ನಿನ್ನ ಮುಂದೆ ಕೈಕಟ್ಟಿ ನಿಂತ,
ಅಪ್ಪ

ತಾ.ಕ.: ಸಂಪಾದಕಿಯ ಬಗ್ಗೆ ಬರೆದದ್ದು ಸುಳ್ಳು. ಅವರು ಕೇಳಿದ್ದೇ ಬೇರೆ: "ಇವಳು ತಾನೇ ಹತ್ತಬಹುದಲ್ವಾ ಸರ್?" ಬೇಡವೆಂದವನು ನಾನು. ಆ ದೃಶ್ಯ ಬರೆಯಹೊರಟಾಗಲೆಲ್ಲ ಮೆಟ್ಟಿಲ ಮೇಲೆ ನೀನೇ ಕಾಣುತ್ತಿದ್ದೆ, ಪೆನ್ನು ಕೆಳಗಿಡುತ್ತಿದ್ದೆ. ನಿನ್ನನ್ನು ಹಾಸ್ಟೆಲಿಗೆ ಸೇರಿಸಿದ ದಿನವೂ ಅಷ್ಟೇ. ಹೊಸ ಗೆಳತಿಯರೆಲ್ಲ ನೋಡುತ್ತಿರುವಾಗ ನಿನ್ನನ್ನು ಎತ್ತಿಕೊಂಡು ಮಹಡಿ ಹತ್ತಿಬಿಟ್ಟೆ. ನಿನ್ನ ಕೈಲಾಗುವುದಿಲ್ಲವೆಂದಲ್ಲ ಮರಿ, ನನಗೆ ನೋಡಲಾಗುವುದಿಲ್ಲ. "ಬಿಡಪ್ಪಾ, ನಾನೇ ಹತ್ತಿ ಬರ್ತೀನಿ" ಎಂದು ನೀನು ಹೇಳಿದ್ದು ನನಗೆ ಕೇಳಿಸಿತ್ತು.